ಜಫ್ತಿಯ ನ್ಯಾಯವೂ ಅಂಗವಿಕಲನ ವಾಹನವೂ

ಸಾಲಗಾರನ ಸೊತ್ತನ್ನು ಜಫ್ತಿಮಾಡುವ ವಿಷಯದಲ್ಲಿ ನಮ್ಮ ಕಾನೂನು ನಿಷ್ಕರುಣವಾದುದೆಂದು ಜನಸಾಮಾನ್ಯರು ಭಾವಿಸುವುದುಂಟು. ಆದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ತಾಳ್ಮೆಯಿಂದ ಓದಿದವರಿಗೆ ಆ ಭಾವನೆಯು ಅರ್ಧಸತ್ಯವೆಂದು ತೋರದಿರದು. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ಒಕ್ಕಲಿಗನ ನೇಗಿಲು, ಅವನ ಜೀವನೋಪಾಯಕ್ಕೆ ಅವಶ್ಯವೆಂದು ನ್ಯಾಯಾಲಯಕ್ಕೆ ತೋರಿದಷ್ಟು ದನ ಮತ್ತು ಬಿತ್ತನೆಯ ಧಾನ್ಯ, ಇವಾವುದನ್ನೂ ಡಿಕ್ರಿಯ ಬಲದಿಂದ ಬಂದ ಅಮೀನನು ಮುಟ್ಟಕೂಡದೆಂದು ಅದರ 60ನೆಯ ಕಲಮು ವಿಧಿಸುತ್ತದೆ. ಸೂರ್ಯಾಸ್ತವಾದ ಮೇಲೆ ಸೂರ್ಯೋದಯಕ್ಕೆ ಮುಂಚೆ ವಾಸದ ಮನೆಯನ್ನು ಹೊಗಕೂಡದೆಂಬುದು 62ನೆಯದು. ಹಣದ ಡಿಕ್ರಿಗಾಗಿ ಸ್ತ್ರೀಯರನ್ನು ಸೆರೆಹಿಡಿಯಲಾಗದು; ಉತ್ಕಟ ವ್ಯಾಧಿಗೆ ಗುರಿಯಾದವನ ಮೇಲಿನ ವಾರಂಟನ್ನು ರದ್ದುಗೊಳಿಸುವ ಅಧಿಕಾರವೂ ನ್ಯಾಯಾಧೀಶನಿಗುಂಟು. ಈ ಸಂಹಿತೆಯನ್ನು ರಚಿಸಿದವರ ಕಣ್ಣೆದುರಿಗೆ ಉಳುವವನಿದ್ದನು, ಕಮ್ಮಾರನಿದ್ದನು, ರೋಗಿಯೂ ಇದ್ದನು. ವಾಹನವಿಲ್ಲದೆ ಹೊಸ್ತಿಲನ್ನು ದಾಟಲಾರದವನು ಮಾತ್ರ ಇರಲಿಲ್ಲ.

ಆ ಕಾಲಕ್ಕೆ ಅದು ಸಹಜವೆನ್ನೋಣ. ಆದರೆ ಇಂದು ಕೋಲಾರ ಸೀಮೆಯ ಕ್ಯಾಲನೂರಿನಂತಹ ಗ್ರಾಮದಲ್ಲಿ, ಪೋಲಿಯೋ ರೋಗದಿಂದಲೋ ಅಪಘಾತದಿಂದಲೋ ಕಾಲಿನ ಸ್ವಾಧೀನವನ್ನು ಕಳೆದುಕೊಂಡವನು ಬೆಳಗಿನ ಹಾಲನ್ನು ಡೈರಿಗೆ ಒಯ್ಯುವುದಕ್ಕೂ, ಟೊಮೇಟೊ ಹಣದ ಲೆಕ್ಕಕ್ಕಾಗಿ ಕೋಲಾರದ ಎಪಿಎಂಸಿ ಮಂಡಿಗೆ ಹೋಗುವುದಕ್ಕೂ, ಎಸ್‌ಎನ್‌ಆರ್ ಆಸ್ಪತ್ರೆಯ ಬಾಗಿಲನ್ನು ಮುಟ್ಟುವುದಕ್ಕೂ ಹಿಂಬದಿಯ ಇಕ್ಕೆಲದಲ್ಲಿ ಗಾಲಿ ಜೋಡಿಸಿದ ಸ್ಕೂಟರನ್ನೇ ಅವಲಂಬಿಸಿರುವಾಗ, ಆ ವಾಹನವನ್ನು ಅವನ ಸೊತ್ತೆಂದು ಎಣಿಸಬೇಕೋ ಶರೀರದ ಭಾಗವೆಂದು ಎಣಿಸಬೇಕೋ ಎಂಬ ಪ್ರಶ್ನೆಯನ್ನು ಸಂಹಿತೆಯು ಎತ್ತಿಯೇ ಇಲ್ಲ. ಕುಶಲಕರ್ಮಿಯ ಉಪಕರಣವೆಂದು ವಕೀಲರು ವಾದಿಸಿಯಾರು. ಆದರೆ ಕಸುಬಿಲ್ಲದ ಅಂಗವಿಕಲನಿಗೆ ಆ ವಾದವೂ ಒದಗದು.

ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ಉಚಿತವಾಗಿ ಕೊಡುವ ಯಂತ್ರಚಾಲಿತ ವಾಹನವು ಬೇಡಿದವರೆಲ್ಲರಿಗೂ ದಕ್ಕುವುದಿಲ್ಲ. ಉಳಿದವರು ಫೈನಾನ್ಸಿನವರ ಬಳಿ ಕಂತಿನ ಸಾಲ ಮಾಡುತ್ತಾರೆ, ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರೂ ದಾಖಲಾಗುತ್ತದೆ. ಅಲ್ಲಿಗೆ 60ನೆಯ ಕಲಮಿನ ನೆರಳು ತಪ್ಪಿತೆಂದೇ ತಿಳಿಯಬೇಕು; ಏಕೆಂದರೆ ಆ ಕಲಮು ಡಿಕ್ರಿಯ ಅಮಲ್ಜಾರಿಗೆ ಅಡ್ಡಿಯೇ ಹೊರತು, ವಾಹನವನ್ನೇ ಆಧಾರವಾಗಿ ಬರೆದುಕೊಟ್ಟ ಕರಾರಿಗೆ ಅಡ್ಡಿಯಲ್ಲ. ಅಮೀನನಾದರೋ ವಾರಂಟು ತರುತ್ತಾನೆ, ಪಟ್ಟಿ ಬರೆಯುತ್ತಾನೆ, ತನ್ನ ಕಾರ್ಯಕ್ಕೆ ನ್ಯಾಯಾಲಯದಲ್ಲಿ ಉತ್ತರವಾದಿಯಾಗಿರುತ್ತಾನೆ. ಎರಡು ಕಂತು ತಪ್ಪಿದೊಡನೆ ರಸ್ತೆಯಲ್ಲಿ ಅಡ್ಡಗಟ್ಟಿ ಬೀಗದಕೈ ಕಸಿದು, ನಡೆಯಲಾರದವನನ್ನು ರಸ್ತೆಯ ಬದಿಯಲ್ಲಿಯೇ ಬಿಟ್ಟು ಗಾಡಿಯನ್ನು ಯಾರ್ಡಿಗೆ ಸಾಗಿಸುವ ಸೀಜಿಂಗಿನವನಿಗೆ ಇಂತಹ ಬಂಧನವೊಂದೂ ಇಲ್ಲದಂತೆ ವ್ಯವಹಾರ ನಡೆಯುತ್ತದೆ. ಇವರಿಬ್ಬರಲ್ಲಿ ಜನರು ಅಮೀನನಿಗೇ ಹೆಚ್ಚು ಹೆದರುವುದು ವಿಚಿತ್ರವೇ ಸರಿ.

ನಿಷೇಧಗಳಿಗೇನೂ ಕೊರತೆಯಿಲ್ಲ. ಬ್ಯಾಂಕುಗಳು ವಾಹನವನ್ನು ಹಿಂಪಡೆಯುವುದು ಕಾನೂನಿನ ಮಾರ್ಗದಿಂದ ಮಾತ್ರ, ತೋಳ್ಬಲದಿಂದಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ಪ್ರಕಾಶ್ ಕೌರ್ ಮೊಕದ್ದಮೆಯಲ್ಲಿ 2007ರಲ್ಲೇ ಸಾರಿತು. ಬೆಳಿಗ್ಗೆ 8ಕ್ಕೆ ಮೊದಲೂ ಸಂಜೆ 7ರ ತರುವಾಯವೂ ಸಾಲಗಾರನಿಗೆ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಸುತ್ತೋಲೆ ಹೊರಡಿಸಿತು. ಮರುತಿಂಗಳೇ ಝಾರ್ಖಂಡದ ಹಜಾರಿಬಾಗದಲ್ಲಿ ಅಂಗವಿಕಲ ರೈತನೊಬ್ಬನ ಟ್ರಾಕ್ಟರನ್ನು ವಸೂಲಿಯವರು ಒಯ್ಯುತ್ತಿದ್ದಾಗ ಅವನ ಗರ್ಭಿಣಿ ಮಗಳು ಅದೇ ಟ್ರಾಕ್ಟರಿನ ಗಾಲಿಗೆ ಸಿಕ್ಕಿ ಮೃತಪಟ್ಟಳು. ಹೊರಗಿನವರಿಂದ ವಸೂಲಿ ಮಾಡಿಸಕೂಡದೆಂದು ಅವನಿಗೆ ಸಾಲ ಕೊಟ್ಟಿದ್ದ ಕಂಪನಿಗೆ ವಿಧಿಸಿದ ನಿರ್ಬಂಧವನ್ನು ನಾಲ್ಕು ತಿಂಗಳು ತುಂಬುವ ಮೊದಲೇ ತೆರವುಗೊಳಿಸಲಾಯಿತು. ನಮ್ಮ ರಾಜ್ಯದ 2025ರ ಫೆಬ್ರುವರಿಯ ಸುಗ್ರೀವಾಜ್ಞೆಯು ಬಲವಂತದ ವಸೂಲಿಗೆ 10 ವರ್ಷಗಳವರೆಗಿನ ಸೆರೆವಾಸವನ್ನು ಗೊತ್ತುಪಡಿಸಿತಾದರೂ, ಅದರ ದೃಷ್ಟಿಯು ಮುಖ್ಯವಾಗಿ ಕಿರುಸಾಲದ ರೈತರು ಮತ್ತು ಸ್ತ್ರೀಯರ ಕಡೆಗಿದ್ದಿತು. ಶಿಕ್ಷೆಯ ಪ್ರಮಾಣವನ್ನು ಹೆಚ್ಚಿಸುವುದರಲ್ಲಿ ನಮಗಿರುವ ಉತ್ಸಾಹವು ಮುಟ್ಟಬಾರದ ವಸ್ತು ಯಾವುದೆಂದು ನಿರ್ದಿಷ್ಟವಾಗಿ ಬರೆಯುವುದರಲ್ಲಿ ಕಾಣದು.

ಹಾಗೆ ಬರೆದಿರುವುದು ಇಂಗ್ಲೆಂಡು ಮತ್ತು ವೇಲ್ಸ್ ದೇಶಗಳ 2013ರ ನಿಯಮಾವಳಿ. ಅಂಗವಿಕಲನ ಬಿಲ್ಲೆಯನ್ನು ಪ್ರದರ್ಶಿಸಿ ಅವನ ಸಂಚಾರಕ್ಕೆ ಬಳಸುತ್ತಿರುವ ವಾಹನವನ್ನು ಅಲ್ಲಿಯ ಜಫ್ತಿ ಅಧಿಕಾರಿಯು ವಶಪಡಿಸಿಕೊಳ್ಳುವಂತಿಲ್ಲ. ಮನೆಯಲ್ಲಿ ಬಾಲಕರೋ ಅಸಹಾಯರೋ ಮಾತ್ರವೇ ಇದ್ದಾಗ ಅವನು ಹಿಂದಿರುಗಬೇಕು. ಅಸಹಾಯನಾರೆಂಬುದನ್ನು ವಿವರಿಸದೆ ವಸೂಲಿಗೆ ಬಂದವನ ವಿವೇಚನೆಗೇ ಬಿಟ್ಟಿರುವುದು ಅದರ ದೊಡ್ಡ ದೋಷ. ಆದರೂ ವಾಹನದ ಮಟ್ಟಿಗೆ ಆ ಒಂದು ವಾಕ್ಯವು ನಮ್ಮ ಹತ್ತು ಸುತ್ತೋಲೆಗಳಿಗಿಂತ ಪ್ರಯೋಜನಕರವಾದುದು, ಏಕೆಂದರೆ ಅದನ್ನು ರಸ್ತೆಯಲ್ಲಿ ನಿಂತು ತೋರಿಸಿ ಹೇಳಬಹುದು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಬ್ಯಾಂಕಿನ ಸಾಲ ಪಡೆಯುವ ಸಮಾನಾಧಿಕಾರವನ್ನು ತನ್ನ 13ನೆಯ ಕಲಮಿನಲ್ಲಿ ಉದಾರವಾಗಿ ಘೋಷಿಸಿ, ಆ ಸಾಲದ ವಸೂಲಿಯ ಕ್ರಮದ ವಿಷಯದಲ್ಲಿ ಮೌನ ತಾಳಿದೆ. ಸಂಹಿತೆಯ 60ನೆಯ ಕಲಮಿಗೆ ಒಂದು ಉಪವಾಕ್ಯ, ಸಾಲದ ಕರಾರುಗಳಿಗೆ ರಿಸರ್ವ್ ಬ್ಯಾಂಕಿನಿಂದ ಒಂದು ಕಡ್ಡಾಯ ಷರತ್ತು: ಇವೆರಡೂ ಆಗಬೇಕು.

ಅದಾಗುವವರೆಗೆ ಓದುಗರಲ್ಲಿ ಒಂದು ವಿಜ್ಞಾಪನೆ. 1987ರ ಕಾನೂನು ಸೇವೆಗಳ ಅಧಿನಿಯಮದ 12ನೆಯ ಕಲಮಿನಂತೆ ಅಂಗವಿಕಲರು, ಆದಾಯವೆಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ಕ್ಯಾಲನೂರಿನವರಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರಾಗಲಿ, ಗಾಡಿಯನ್ನು ಕಳೆದುಕೊಂಡವರನ್ನು ಬಲ್ಲವರು, ಅದು ಹರಾಜಾಗುವ ಮೊದಲೇ ಅವರನ್ನು ಕೋಲಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕರೆದೊಯ್ದು ಒಂದು ಅರ್ಜಿ ಬರೆಸಿಕೊಡಿರಿ.