ಒಂದೇ ಮೆಟ್ಟಿಲಿನ ತೀರ್ಪು

ಎರಡು ಪಾಲಿಮರ್‌ಗಳು ನಿಜಕ್ಕೂ ಬೆರೆತಿವೆಯೇ ಎಂಬ ಪ್ರಶ್ನೆಗೆ ಸಂಶೋಧನಾ ಪ್ರಬಂಧಗಳಲ್ಲಿ ಸಿದ್ಧ ಉತ್ತರವೊಂದು ಬೇರುಬಿಟ್ಟಿದೆ: ಕಾಯಿಸುವಾಗ ಮಾದರಿ ಹೀರುವ ಶಾಖವನ್ನು ಅಳೆಯುವ ಡಿಎಸ್‌ಸಿ ಉಪಕರಣದ ರೇಖೆಯಲ್ಲಿ ಒಂದೇ ಟೀಜಿ, ಅಂದರೆ ಗಾಜಿನಂಥ ಬಿಗಿ ಸಡಿಲಗೊಳ್ಳುವ ಒಂದೇ ತಾಪಮಾನ, ಕಂಡರೆ ಬೆರೆತಿವೆ, ಎರಡು ಕಂಡರೆ ಇಲ್ಲ. ಈ ಒರೆಗಲ್ಲಿಗೆ ಸಂದಿರುವ ಮನ್ನಣೆ ಅದರ ಯೋಗ್ಯತೆಯನ್ನು ಮೀರಿದ್ದು. ಮನ್ನಣೆಗೆ ಕಾರಣವಾದ ಉದಾಹರಣೆಗಳು ಗಟ್ಟಿಯಾಗಿದ್ದವು, ನಿಜ. ಪಾಲಿಸ್ಟೈರೀನ್‌ನ ಟೀಜಿ ಸುಮಾರು 100 ಡಿಗ್ರಿ ಸೆಲ್ಸಿಯಸ್, ಪಿಪಿಒ (ಪಾಲಿಫಿನೈಲೀನ್ ಆಕ್ಸೈಡ್) ಎಂಬುದರದ್ದು 210ರ ಆಸುಪಾಸು. ಇವನ್ನು ಯಾವ ಪ್ರಮಾಣದಲ್ಲಿ ಬೆರೆಸಿದರೂ ರೇಖೆಯಲ್ಲಿ ಟೀಜಿಯನ್ನು ಸೂಚಿಸುವ ಮೆಟ್ಟಿಲು ಆ ಎರಡರ ನಡುವೆ ಒಂದೇ ಕಾಣುತ್ತದೆ. ಜನರಲ್ ಎಲೆಕ್ಟ್ರಿಕ್ 1960ರ ದಶಕದಲ್ಲಿ ತಂದ ನೋರಿಲ್ ಎಂಬ ಪ್ಲಾಸ್ಟಿಕ್‌ಗೆ ಈ ಜೋಡಿಯೇ ಆಧಾರ. ಅಂತರ ನೂರು ಡಿಗ್ರಿ ಮೀರಿದಲ್ಲಿ ಒಂದೇ ಮೆಟ್ಟಿಲಿಗೆ ಬಲವಾದ ಅರ್ಥವಿದೆ. ಆದರೆ ಪಿವಿಸಿ ಸುಮಾರು 82, ಪಿಎಂಎಂಎ ಸುಮಾರು 105 ಡಿಗ್ರಿಯಲ್ಲಿ ಸಡಿಲಗೊಳ್ಳುತ್ತವೆ. ಮೆಟ್ಟಿಲೇ ಹತ್ತು ಹದಿನೈದು ಡಿಗ್ರಿ ಅಗಲ ಇರುವಾಗ, ಎರಡು ಒಂದರ ಮೇಲೊಂದು ಬಿದ್ದಿವೆಯೋ ನಿಜಕ್ಕೂ ಒಂದೇ ಇದೆಯೋ ಎಂದು ಆ ರೇಖೆ ಹೇಳಲಾರದು.

ಘಟಕಗಳ ಟೀಜಿಗಳಿಂದ ಮಿಶ್ರಣದ ಟೀಜಿಯನ್ನು ಲೆಕ್ಕಹಾಕುವ ಫಾಕ್ಸ್ ಸಮೀಕರಣಕ್ಕೆ ಅಂಕಿಗಳು ಹೊಂದುತ್ತವಲ್ಲ ಎಂಬುದು ಸಮರ್ಥಕರ ಉತ್ತರ. ಇದೇ ಪಿವಿಸಿ–ಪಿಎಂಎಂಎ ಜೋಡಿಯ ಸಮಪಾಲು ಮಿಶ್ರಣಕ್ಕೆ 1956ರ ಆ ಸಮೀಕರಣ ಕೊಡುವುದು 93 ಡಿಗ್ರಿ. ಬರಿಯ ಸರಾಸರಿಗೂ ಅದಕ್ಕೂ ಅರ್ಧ ಡಿಗ್ರಿಯ ವ್ಯತ್ಯಾಸವೂ ಇಲ್ಲ. ಹೀಗಿರುವಾಗ ಹೊಂದಿಕೆ ಯಾವುದಕ್ಕೆ ಸಾಕ್ಷಿ? ಫಾಕ್ಸ್ ಕೈಕೊಟ್ಟರೆ ಒಂದು ಸ್ಥಿರಾಂಕವಿರುವ ಗೋರ್ಡನ್–ಟೇಲರ್, ಅದೂ ಒಗ್ಗದಿದ್ದರೆ ಎರಡು ಸ್ಥಿರಾಂಕಗಳ ಕ್ವೈ. ಐದಾರು ಬಿಂದುಗಳ ಮೇಲೆ ಎರಡು ಸ್ಥಿರಾಂಕ ಕೂರಿಸಿ, ಎರಡನೆಯದನ್ನು ಹೈಡ್ರೋಜನ್ ಬಂಧದ ಬಲವೆಂದು ವ್ಯಾಖ್ಯಾನಿಸುವ ರೂಢಿಯನ್ನು ನಾನು ಒಪ್ಪಲಾರೆ. ಬಂಧ ಇದೆಯೆಂದರೆ ಅದನ್ನು ಇನ್‌ಫ್ರಾರೆಡ್ ವರ್ಣಪಟಲದಲ್ಲಿ ತೋರಿಸಬೇಕು.

ಉಪಕರಣದ ದೃಷ್ಟಿಗೂ ಮಿತಿಯಿದೆ. ಇಪ್ಪತ್ತು ಮೂವತ್ತು ನ್ಯಾನೋಮೀಟರ್‌ಗಿಂತ ಚಿಕ್ಕ ತುಣುಕುಗಳು ಡಿಎಸ್‌ಸಿಗೆ ಬೇರೆಬೇರೆಯಾಗಿ ಕಾಣುವುದಿಲ್ಲ. ಕೆಲವೇ ನ್ಯಾನೋಮೀಟರ್‌ವರೆಗೆ ಇಳಿಯಬಲ್ಲ ಘನಸ್ಥಿತಿಯ ಎನ್‌ಎಂಆರ್‌ಗೆ ಅದೇ ಮಾದರಿ ಬೆರೆಯದಂತೆ ಕಾಣಬಹುದು. ಇದಕ್ಕಿಂತ ಗಂಭೀರವಾದದ್ದು ಮಾದರಿಯ ಪೂರ್ವಚರಿತ್ರೆ. ಪಾಲಿಸ್ಟೈರೀನ್ ಮತ್ತು ಪಾಲಿ ವಿನೈಲ್ ಮೀಥೈಲ್ ಈಥರ್ ಅನ್ನು ಟಾಲ್ಯೂಯಿನ್‌ನಲ್ಲಿ ಕರಗಿಸಿ ಒಣಗಿಸಿದರೆ ತಿಳಿಯಾದ ಪದರ ಬರುತ್ತದೆ, ಟೀಜಿಯೂ ಒಂದೇ. ಕ್ಲೋರೋಫಾರ್ಮ್‌ನಿಂದ ಒಣಗಿಸಿದರೆ ಮಬ್ಬು ಪದರ, ಬೇರ್ಪಟ್ಟ ಘಟಕಗಳು. 1971ರಲ್ಲೇ ಪ್ರಕಟವಾದ ಸಂಗತಿಯಿದು. ಈ ಜೋಡಿ ಕಾಯಿಸಿದಾಗ ಬೇರ್ಪಡುವಂಥದ್ದು ಬೇರೆ. ಹಳೆಯ ಚರಿತ್ರೆ ಅಳಿಸಲೆಂದು ಮೊದಲ ಸುತ್ತಿನಲ್ಲಿ ಹೆಚ್ಚು ಕಾಯಿಸಿದವರು ಎರಡನೆಯ ಸುತ್ತಿನಲ್ಲಿ ಅಳೆಯುವುದು ತಾವೇ ಒಡೆದ ಮಿಶ್ರಣವನ್ನು.

ಎನ್‌ಎಂಆರ್ ಎಲ್ಲ ಪ್ರಯೋಗಾಲಯಗಳಿಗೂ ಎಟುಕದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಮಾದರಿಯನ್ನು ಟೀಜಿಗಿಂತ ತುಸು ಕೆಳಗೆ ದಿನಗಟ್ಟಲೆ ಇರಿಸಿ ಮತ್ತೆ ಕಾಯಿಸಿದರೆ, ಬೇರೆಯಾಗಿಯೇ ಉಳಿದ ಘಟಕಗಳು ತಮ್ಮ ತಮ್ಮ ಶಿಖರ ತೋರಿಸಬಲ್ಲವು. ಅದಕ್ಕೆ ಅದೇ ಡಿಎಸ್‌ಸಿ ಸಾಕು, ತಾಳ್ಮೆಯೊಂದು ಬೇಕು. ದ್ರಾವಕ ಯಾವುದು, ಎಷ್ಟು ಕಾಯಿಸಿದ್ದು, ಮೆಟ್ಟಿಲಿನ ಅಗಲವೆಷ್ಟು ಎಂಬ ಮೂರನ್ನೂ ಬರೆಯದ ಪ್ರಬಂಧದ ‘ಬೆರೆತಿದೆ’ ಎಂಬ ಮಾತನ್ನು ಸಂಪಾದಕರು ಸ್ವೀಕರಿಸಬಾರದು.