ಊರು ಆಟಿಕೆಯಾದಾಗ

ನಿಜವಾದ ಊರಿನ ಛಾಯಾಚಿತ್ರವನ್ನು ಆಟಿಕೆಯ ಊರಿನಂತೆ ತೋರಿಸುವ ತಂತ್ರವೊಂದಿದೆ. ಎತ್ತರದಿಂದ ತೆಗೆದ ಚಿತ್ರದ ನಡುವಿನ ಪಟ್ಟಿಯನ್ನಷ್ಟೇ ಸ್ಪಷ್ಟವಾಗಿಟ್ಟು, ಮೇಲೆ ಕೆಳಗೆ ಮಸುಕುಗೊಳಿಸಿ, ಬಣ್ಣಗಳನ್ನು ಗಾಢಗೊಳಿಸಿದರೆ ಸಾಕು. ಪುಟ್ಟ ವಸ್ತುವನ್ನು ತೀರಾ ಹತ್ತಿರದಿಂದ ತೆಗೆದಾಗ ಅಂತಹ ಮಸುಕು ಬರುವುದರಿಂದ ನಮ್ಮ ಕಣ್ಣು ಮೋಸಹೋಗುತ್ತದೆ. ಇಟಲಿಯ ಒಲಿವೊ ಬಾರ್ಬಿಯೆರಿ 2003ರಿಂದ ಹೆಲಿಕಾಪ್ಟರಿನಲ್ಲಿ ಕುಳಿತು ಮಹಾನಗರಗಳನ್ನು ಹೀಗೆ ಸೆರೆಹಿಡಿದರು. ಇಂದು ಮೊಬೈಲೇ ಆ ಕೆಲಸ ಮಾಡುತ್ತದೆ.

ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳ ಇದಕ್ಕೆ ಹೇಳಿ ಮಾಡಿಸಿದ ಜಾಗ. ವಿಂಧ್ಯಗಿರಿಯಿಂದ ನೋಡಿದರೆ ಕಲ್ಯಾಣಿ, ಬೀದಿ, ಎದುರಿನ ಚಂದ್ರಗಿರಿ ಎಲ್ಲವೂ ಅಂಗೈಯಗಲ. ನಿತ್ಯ ಕಂಡ ಊರನ್ನು ಹೊಸದಾಗಿ ತೋರಿಸುವಷ್ಟರ ಮಟ್ಟಿಗೆ ಇದು ಕಲೆಯೇ ಸರಿ. ಆದರೆ ಹತ್ತನೇ ಶತಮಾನದ ಶಿಲ್ಪಿ ಮನುಷ್ಯರೂಪವನ್ನು ಸುಮಾರು 57 ಅಡಿಗೆ ಬೆಳೆಸಿದ ಬೆಟ್ಟದಲ್ಲೇ ಈ ತಂತ್ರ ಮನುಷ್ಯನನ್ನು ಇರುವೆಯಾಗಿಸುತ್ತದೆ.

ಹಾಸನದ ಬಳಿಯ ಶೆಟ್ಟಿಹಳ್ಳಿ ಚರ್ಚನ್ನೂ ಹೀಗೆ ತೋರಿಸಿದರೆ? 1979ರಲ್ಲಿ ಪೂರ್ಣಗೊಂಡ ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಏಳುವ ಆ ಕಟ್ಟಡ ಮುರಿದ ಆಟಿಕೆಯಾಗುತ್ತದೆ. ಮಸುಕಾಗುವುದು ಸುತ್ತಲಿನ ನೀರು. ಜನ ಬಿಟ್ಟುಹೋದ ಹೊಲ, ಮನೆಗಳು ಇದ್ದದ್ದು ಅಲ್ಲಿಯೇ. ಆ ನದಿಯ ನೀರಿನಿಂದ ಹೊಳೆನರಸೀಪುರದ ಕಡೆಯ ಗದ್ದೆಗಳು ಹಸಿರಾದವು, ನಿಜ. ಆದರೆ ಅದಕ್ಕಾಗಿ ನೆಲ ಕಳೆದುಕೊಂಡವರು ಆಟಿಕೆಗಳಾಗಿರಲಿಲ್ಲ.

ಯೋಜನೆ ರೂಪಿಸುವವರ ಮೇಜಿನ ಮೇಲೂ ಊರುಗಳು ಇಷ್ಟೇ ಪುಟ್ಟದಾಗಿರುತ್ತವೆ. ಪುಟ್ಟದಾಗಿ ಕಂಡದ್ದನ್ನು ಎತ್ತಿಡುವುದು ಸುಲಭವಲ್ಲವೇ? ಇಂತಹ ಚಿತ್ರಗಳನ್ನು ತೆಗೆಯೋಣ, ಮೆಚ್ಚೋಣ. ಪಕ್ಕದಲ್ಲೇ ನೆಲದ ಮೇಲೆ ನಿಂತು, ಜನರ ಮುಖ ಕಾಣುವಂತೆ ತೆಗೆದ ಒಂದು ಚಿತ್ರವೂ ಇರಲಿ.