ಮೇಷ್ಟ್ರು ಅಲಮೇಲುವನ್ನು ಕೇಳಲಿಲ್ಲ

ಕಾಲೇಜು ಹುಡುಗರ ಸಿನಿಮಾಗಳಿಗೆ ಒಂದು ಸಿದ್ಧ ಹಾಜರಿ ಪಟ್ಟಿ ಇರುತ್ತದೆ. ಹಿಂದಿನ ಬೆಂಚಿನ ಪುಂಡ, ನಗೆಪಾಟಲಾಗುವ ಪ್ರಿನ್ಸಿಪಾಲರು, ದೇವರಂಥ ಒಬ್ಬ ಮೇಷ್ಟ್ರು, ತಲೆ ತಗ್ಗಿಸಿ ನಡೆಯುವ ಒಬ್ಬ ಹುಡುಗಿ, ತಲೆ ಎತ್ತಿ ನಡೆಯುವ ಇನ್ನೊಬ್ಬಳು. 1985ರಲ್ಲಿ ಅಮೆರಿಕದಲ್ಲಿ ಬಂದ ‘ದಿ ಬ್ರೇಕ್‌ಫಾಸ್ಟ್ ಕ್ಲಬ್’ ಇಂಥ ಐದು ಮಾದರಿಯ ಮಕ್ಕಳನ್ನು ಒಂದು ಶನಿವಾರ ಶಾಲೆಯ ಲೈಬ್ರರಿಯಲ್ಲಿ ಶಿಕ್ಷೆಗೆ ಕೂಡಿಸಿ, ಸಂಜೆಯೊಳಗೆ ಅವರ ಹಣೆಪಟ್ಟಿಗಳನ್ನು ಕಿತ್ತು ತೋರಿಸಿತು. ಅದಕ್ಕೆ ಹದಿಮೂರು ವರ್ಷ ಮೊದಲೇ, 1972ರಲ್ಲಿ, ಪುಟ್ಟಣ್ಣ ಕಣಗಾಲರು ನಮ್ಮ ದುರ್ಗದ ಬಂಡೆಗಳ ನಡುವೆ ‘ನಾಗರಹಾವು’ ಚಿತ್ರದಲ್ಲಿ ಇಂಥದೇ ಕೆಲಸಕ್ಕೆ ಕೈ ಹಾಕಿದ್ದರು. ಅವರು ಎಲ್ಲಿಯವರೆಗೆ ಹೋದರು, ಎಲ್ಲಿ ನಿಂತುಬಿಟ್ಟರು ಎನ್ನುವುದರ ಬಗ್ಗೆ ನನ್ನದೊಂದು ತಕರಾರಿದೆ.

ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಚಿತ್ರವಿದು. ಲೇಖಕರಿಗೇ ಅದು ಹಿಡಿಸಲಿಲ್ಲ ಎಂಬ ಮಾತು ಪ್ರಸಿದ್ಧ. ರಾಮಾಚಾರಿ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬೀಳುತ್ತಾನೆ. ಆ ಸೇಡಿಗೆ ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿಹಾಕುತ್ತಾನೆ. ಆದರೂ ಅವನು ಖಳನಲ್ಲ, ನಾಯಕ! ಹಿಂದಿಯ ಸಿಟ್ಟಿನ ತರುಣ ‘ಜಂಜೀರ್’ನಲ್ಲಿ ಕಾಣಿಸಿಕೊಂಡದ್ದು ಮರುವರ್ಷ. ವಿಷ್ಣುವರ್ಧನ್ ಕಣ್ಣಿನಲ್ಲಿ ಆ ಪುಂಡತನದ ಹಿಂದೆ ಪ್ರೀತಿಗೆ ಹಸಿದ ಹುಡುಗನೊಬ್ಬ ಕಾಣುತ್ತಾನೆ. ಅದು ಮುರಿದ ಮೊದಲ ಅಚ್ಚು.

ಎರಡನೆಯದು ಚಾಮಯ್ಯ ಮೇಷ್ಟ್ರದು. ಅಶ್ವಥ್ ಅವರ ಆ ಮೃದು ಮುಖಕ್ಕೆ ನಾವೆಲ್ಲ ಕೈ ಮುಗಿದವರೇ. ಆದರೆ ಶಿಷ್ಯನ ಬದುಕು ಕೆಡುವುದು ಇದೇ ಒಳ್ಳೆಯ ಮೇಷ್ಟ್ರ ಒಳ್ಳೆಯ ಮಾತಿನಿಂದ. ಕೆಟ್ಟ ಗುರುವಿನಿಂದ ಹಾಳಾದ ಶಿಷ್ಯರ ಕಥೆ ಬೇಕಾದಷ್ಟಿದೆ; ಒಳ್ಳೆಯ ಗುರುವಿನಿಂದ ಹಾಳಾದವನ ಕಥೆ ಹೇಳಲು ಧೈರ್ಯ ಬೇಕು.

ಇನ್ನು ಹುಡುಗಿಯರ ವಿಷಯ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬಸ್ಸಿನಲ್ಲಿ ದುರ್ಗಕ್ಕೆ ಓದಲು ಬರುವ ಹುಡುಗಿಯರಿಗೆ ಜಲೀಲ ಯಾರೆಂದು ಹೇಳಿಕೊಡಬೇಕಾಗಿಲ್ಲ. ಅಂಬರೀಷರ ಸೈಕಲ್ಲು ಹೋಗಿ ಬೈಕು ಬಂದಿದೆ, ಅಷ್ಟೆ. (ಬೀದಿಯ ಪೋಲಿ ಎಂದರೆ ಮುಸಲ್ಮಾನ ಹೆಸರೇ ಇರಬೇಕೆ? ಆ ಅಚ್ಚನ್ನು ಮುರಿಯುವ ಯೋಚನೆ ಯಾರಿಗೂ ಬಂದಂತಿಲ್ಲ.) ಮನೆಯಲ್ಲಿ ಹೇಳಿದರೆ ಕಾಲೇಜೇ ಬಿಡಿಸುತ್ತಾರೆಂದು ಹುಡುಗಿ ಬಾಯಿ ಮುಚ್ಚಿಕೊಂಡಿರುತ್ತಾಳೆ. ಚಿತ್ರದಲ್ಲಿ ಅಲಮೇಲುವಿನ ಅಣ್ಣ ವರದ ಏನು ಮಾಡುತ್ತಾನೆ? ಜಲೀಲನನ್ನು ಹೊಡೆದು ಓಡಿಸಿದರೆ ತಂಗಿಯನ್ನು ನಿನಗೇ ಕೊಡಿಸುತ್ತೇನೆಂದು ರಾಮಾಚಾರಿಗೆ ಮಾತು ಕೊಡುತ್ತಾನೆ. ಹೊಡೆದಾಟಕ್ಕೆ ತಂಗಿಯೇ ಕೂಲಿ! ಆಮೇಲೆ ಆ ಮಾತಿಗೂ ತಪ್ಪುತ್ತಾನೆ. ಇಬ್ಬರೂ ನಿಜವಾಗಿ ಪ್ರೀತಿಸಿದ ಮೇಲೆ ಜಾತಿ, ಸಂಪ್ರದಾಯ ಎಲ್ಲ ಎದ್ದು ನಿಲ್ಲುತ್ತವೆ. ಚಾಮಯ್ಯ ಮೇಷ್ಟ್ರು ಬಂದು ತ್ಯಾಗದ ಮಾತಾಡಿ ರಾಮಾಚಾರಿಯ ಮನಸ್ಸು ತಿರುಗಿಸುತ್ತಾರೆ. ತ್ಯಾಗದ ತೀರ್ಮಾನ ಗಂಡಸರಿಬ್ಬರ ನಡುವೆ ಆಗಿಹೋಗುತ್ತದೆ. ತ್ಯಾಗವಾಗುವುದು ಅಲಮೇಲುವಿನ ಬದುಕು. ಹಿರಿಯರು ನೋಡಿ ಕಟ್ಟಿದ ಗಂಡನಿಂದ ಅವಳು ಮೈ ಮಾರಿಕೊಳ್ಳುವ ಸ್ಥಿತಿಗೆ ಬರುತ್ತಾಳೆ.

ಇದೇ ಚಿತ್ರದಲ್ಲಿ ಜಯಂತಿಯವರ ಓಬವ್ವ ಒನಕೆ ಎತ್ತಿ ನಿಲ್ಲುತ್ತಾಳೆ. ಆ ಹಾಡು ಬಂದಾಗ ಯಾರ ಮೈ ಜುಮ್ಮೆನ್ನುವುದಿಲ್ಲ? ಕೋಟೆ ಕಾಯುವ ಹೆಣ್ಣಿಗೆ ಹಾಡು ಕಟ್ಟಿದವರು ತನ್ನ ಮದುವೆಯ ಬಗ್ಗೆ ತಾನೇ ಒಂದು ಮಾತಾಡುವ ಹೆಣ್ಣನ್ನು ಕಟ್ಟಲಿಲ್ಲ ಎನ್ನುವುದೇ ನನ್ನ ಬೇಸರ.

ಹಾಗೆಂದು ಪುಟ್ಟಣ್ಣನವರಿಗೆ ಹುಡುಗಿಯರ ಅಚ್ಚು ಮುರಿಯಲು ಬರುತ್ತಿರಲಿಲ್ಲ ಎಂದಲ್ಲ. ಶುಭಾ ಮಾಡಿದ ಮಾರ್ಗರೆಟ್ಟಳನ್ನು ನೋಡಿ. ನಮ್ಮ ಸಿನಿಮಾದ ಲೆಕ್ಕದಲ್ಲಿ ಕ್ರೈಸ್ತ ಹುಡುಗಿ, ಮಾಡರ್ನ್ ಹುಡುಗಿ ಎಂದರೆ ಗಂಡನ್ನು ಕೆಡಿಸುವವಳು. ಇಲ್ಲಿ ಅವಳೇ ಕೊನೆಯತನಕ ಅವನ ಕೈ ಬಿಡದವಳು. ಆದರೆ ಅವಳಿಗೂ ಸಿಕ್ಕಿದ್ದು ಬೆಟ್ಟದ ತುದಿಯ ಸಾವು.

‘ಪ್ರೇಮಲೋಕ’ (1987) ಬಂದಾಗ ಕಾಲೇಜೆಂದರೆ ಹಾಡು, ಬೈಕು, ಬಣ್ಣ ಎಂದಾಯಿತು. ಅದರ ಬಗ್ಗೆ ಹೆಚ್ಚು ಹೇಳಲಾರೆ. ಆದರೆ 2016ರ ‘ಕಿರಿಕ್ ಪಾರ್ಟಿ’ ನೋಡುವಾಗ ನನಗೆ ಮತ್ತೆ ತ.ರಾ.ಸು. ನೆನಪಾದರು. ಹಾಸನದ ಇಂಜಿನಿಯರಿಂಗ್ ಕಾಲೇಜಿನ ಕರ್ಣನೂ ಕಿರಿಕ್ಕಿನವನೇ, ಒಳಗೆ ಮೃದು. ಹಾಸ್ಟೆಲಿನ ತಮಾಷೆಗೆ ನಾನೂ ಮನಸಾರೆ ನಕ್ಕೆ. ಆದರೆ ಸಾನ್ವಿ ಮೇಲಿಂದ ಬಿದ್ದು ಸಾಯುತ್ತಾಳೆ, ಆ ದುಃಖದಲ್ಲಿ ಹುಡುಗ ಬೆಳೆಯುತ್ತಾನೆ, ಆಮೇಲೆ ಆರ್ಯ ಬರುತ್ತಾಳೆ. ನಲವತ್ತನಾಲ್ಕು ವರ್ಷಗಳ ನಂತರವೂ ಒಂದು ಗಂಡು, ಎರಡು ಹೆಣ್ಣು. ಸಾನ್ವಿ ಬದುಕಿದ್ದರೆ ಏನು ಓದುತ್ತಿದ್ದಳು, ಯಾವ ಊರಿಗೆ ಕೆಲಸಕ್ಕೆ ಹೋಗುತ್ತಿದ್ದಳು, ಕರ್ಣನನ್ನೇ ಮದುವೆಯಾಗುತ್ತಿದ್ದಳೋ ಇಲ್ಲವೋ; ಅಂಥದ್ದೊಂದು ಚಿತ್ರವನ್ನು ಯಾರಾದರೂ ತೆಗೆದರೆ ಮೊದಲ ದಿನವೇ ಟಿಕೆಟ್ಟು ಕೊಳ್ಳುವವಳು ನಾನು.